ತಿಥಿ ಕಾರ್ಡಿನ ಇ-ಮೇಲ್ ಮನೆಯಲ್ಲಿ ಇಟ್ಟುಕೊಳ್ಳಬಾರದು

ಕಳೆದ ಸೋಮವಾರ ಬೆಳಿಗ್ಗೆ ಪಾಂಡವಪುರದಿಂದ ನಮ್ಮಕ್ಕನ ಗಂಡ ಫೋನ್ ಮಾಡಿದರು. ಶ್ರೀರಂಗಪಟ್ಟಣದಲ್ಲಿ ನಾನಿನ್ನೂ ಹಲ್ಲುಜ್ಜುತ್ತಿದ್ದೆ.

"ಲೇ, ಈ ಕಂಪ್ಯೂಟರ್‌ನಾಗೆ ಅಳ್ಸಿದ್ದು ಮನೆಯಿಂದ ಆಚೆ ಓಯ್ತದೇನ್ಲಾ?"

ವಾರಕ್ಕೊಂದು ಅಂಕಣ ಬರೆಯುವವನಿಗೆ ಗೊತ್ತಿಲ್ಲದ ವಿಷಯ ಇದೆಯೇ? (ಇಲ್ಲ ಅಂತ ನಮ್ಮ ನೆಂಟರೆಲ್ಲ ನಂಬಿದ್ದಾರೆ. ಆ ನಂಬಿಕೆ ಕೆಡಿಸೋಕೆ ನಾನೂ ಹೋಗಿಲ್ಲ.) ಅಳಿಸಿದ ಮೇಲ್ ‘ಡಿಲೀಟೆಡ್ ಐಟಮ್ಸ್’ ಅನ್ನೋ ಕಡೆ ಹೋಗಿ ಕೂತಿರುತ್ತೆ ಭಾವ, ಬೇಕಾದಾಗ ವಾಪಸ್ ತಗೋಬಹುದು ಅಂದೆ. ಸಮಾಧಾನ ಆಗುತ್ತೆ ಅಂದುಕೊಂಡರೆ ಭಾವ ಬೆಚ್ಚಿಬಿದ್ದರು. ಹಾಗಾದರೆ ಅದಿನ್ನೂ ಮನೆಯೊಳಗೇ ಇದೆಯಾ ಅಂತ ಕೇಳಿದರು.

ವಿಷಯ ಇಷ್ಟೇ. ತಿಥಿ ಕಾರ್ಡು ಬಂದರೆ ನಮ್ಮ ಕಡೆ ಓದಿದ ತಕ್ಷಣ ಹರಿದು ಬಿಸಾಕುತ್ತಾರೆ. ಸಾವಿನ ಕಾಗದ ಮನೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಆದರೆ ಆವತ್ತು ತಿಥಿ ಕಾರ್ಡು ಇ-ಮೇಲ್‌ನಲ್ಲಿ ಬಂದಿತ್ತು. ಮಾನಿಟರ್ ಹರಿಯೋಕಾಗುತ್ತಾ? ಭಾವ ಡಿಲೀಟ್ ಒತ್ತಿದ್ದರು. ಡಿಲೀಟೆಡ್ ಐಟಮ್ಸನ್ನೂ ಖಾಲಿ ಮಾಡೋದು ಹೇಗೆ ಅಂತ ಆಮೇಲೆ ನಾನೇ ಫೋನಿನಲ್ಲಿ ಹೇಳಿಕೊಟ್ಟೆ. ಭಾವ ಖಾಲಿ ಮಾಡಿ, ಕೈಕಾಲು ತೊಳೆದುಕೊಂಡು ತಮ್ಮ ಗೊಬ್ಬರದಂಗಡಿಗೆ ಹೋದರು.

ಮಧ್ಯಾಹ್ನ ಮತ್ತೆ ಫೋನು. ಈ ಸಲ ದನಿಯೇ ಬೇರೆ.

ಆ ಮೇಲ್ ಕಳಿಸಿದ್ದು ಹಾಸನದವರು. ಭಾವನ ಮಗಳು ಲತಾಳನ್ನು ನೋಡಿಕೊಂಡು ಹೋಗಿದ್ದ ಹುಡುಗನ ಅಪ್ಪ. ರಿಟೈರ್ಡ್ ಇಂಜಿನಿಯರು, ಟಪಾಲು ಅಂದರೆ ಮೂಗು ಮುರಿಯುವ ಜನ. ತಮ್ಮ ತಾಯಿ ತೀರಿಹೋದದ್ದನ್ನೂ ಮಗನ ಮದುವೆ ಮಾತನ್ನೂ ಒಂದೇ ಮೇಲ್‌ನಲ್ಲಿ ಬರೆದು ಮುಗಿಸಿದ್ದಾರೆ. ಮೇಲೆ ತಿಥಿ, ಕೆಳಗೆ ಮದುವೆ. ಭಾವ ಓದಿದ್ದು ಮೇಲಿನದನ್ನು ಮಾತ್ರ. ಕೆಳಗೆ ಬೀಗರು ಒಂದು ಪ್ರಶ್ನೆ ಕೇಳಿದ್ದಾರೆ, ಉತ್ತರ ಸರಿಹೋದರೆ ಮದುವೆ, ಇಲ್ಲದಿದ್ದರೆ ಇಲ್ಲ ಅಂತ ಸಂಬಂಧ ತಂದವರು ಅಂಗಡಿಗೇ ಬಂದು ಹೇಳಿಹೋಗಿದ್ದರು. ಪ್ರಶ್ನೆ ಏನು ಅಂತ ಅವರಿಗೂ ಗೊತ್ತಿಲ್ಲ.

ಇನ್ನೊಂದು ಸಲ ಕಳಿಸಿ ಅನ್ನಬಹುದಲ್ಲ ಅಂದೆ. ಹೆಣ್ಣು ಕೊಡೋ ಮನೆಯವರು ನಿಮ್ಮ ಕಾಗದ ಓದದೆ ಬಿಸಾಕಿದೆವು ಅಂತ ಬೀಗರಿಗೆ ಹೇಳೋಕಾಗುತ್ತಾ ಅಂತ ಭಾವ ನನಗೇ ಬೈದರು. ಒಂದು ವಾಕ್ಯ ಹೇಳೋ ಕಷ್ಟಕ್ಕೆ ಹೆದರಿ ನಾವು ವಿಜ್ಞಾನದ ಮೊರೆ ಹೋದೆವು.

ಬಸ್ಸು ಹಿಡಿದು ಪಾಂಡವಪುರಕ್ಕೆ ಹೋದೆ. ಕಂಪ್ಯೂಟರಿಗೆ ಹೊದಿಸಿದ್ದ ಕಸೂತಿ ಬಟ್ಟೆ ತೆಗೆದು ಎಲ್ಲ ಫೋಲ್ಡರ್ ಜಾಲಾಡಿದೆ. ಖಾಲಿ. ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದೇನೆ ನೋಡಿ! ಇಂಟರ್‌ನೆಟ್ ಕೊಟ್ಟವರಿಗೆ ಮೈಸೂರಿಗೆ ಫೋನ್ ಮಾಡಿದೆವು. ನಿಮ್ಮ ಯಂತ್ರ ಮೇಲ್ ಇಳಿಸಿಕೊಂಡ ಕೂಡಲೇ ನಮ್ಮ ಸರ್ವರ್‌ನಲ್ಲಿ ಅದು ಅಳಿಸಿಹೋಗುತ್ತೆ, ಪ್ರತಿ ಅಲ್ಲೇ ಇರಲಿ ಅಂತ ಸೆಟ್ಟಿಂಗ್‌ನಲ್ಲಿ ಟಿಕ್ ಹಾಕಿರಬೇಕಿತ್ತು ಅಂದರು. ಭಾವನಿಗೆ ನಾನು ಬಿಡಿಸಿ ಹೇಳಿದೆ. ಡೈರಿ ಕ್ಯಾನಿನಿಂದ ಹಾಲೆಲ್ಲ ನಮ್ಮ ಚೊಂಬಿಗೆ ಬಗ್ಗಿಸಿಕೊಂಡ ಮೇಲೆ ಕ್ಯಾನಿನಲ್ಲಿ ಏನು ಉಳಿಯುತ್ತೆ? ಭಾವ ನನ್ನ ಕಡೆ ನೋಡಿದ ನೋಟದಲ್ಲಿ ಮೆಚ್ಚುಗೆ ಇರಲಿಲ್ಲ.

ಅಕ್ಕ ಒಳಗೆ ಅಳುತ್ತಿದ್ದಳು. ಲತಾಳಿಗೆ ಹುಡುಗ ಹಿಡಿಸಿದ್ದ, ಅದು ಎಲ್ಲರಿಗೂ ಗೊತ್ತಿತ್ತು.

ಸಂಜೆ ಬಸ್ಸಿಗೆ ಲತಾ ಬಂದಳು. ಕೆ.ಆರ್. ಪೇಟೆಯ ಕಾಲೇಜೊಂದರ ಆಫೀಸಿನಲ್ಲಿ ಅವಳಿಗೆ ಕೆಲಸ. ನಮ್ಮ ಮುಖ ನೋಡಿ ವಿಷಯ ಕೇಳಿ ತಿಳಿದುಕೊಂಡಳು. ಚಪ್ಪಲಿ ಬಿಡುತ್ತಾ, ಆ ಮೇಲ್ ಶನಿವಾರವೇ ಓದಿದ್ದೀನಿ ಅಂದಳು. ಅಪ್ಪನ ಅಕೌಂಟು ಮಾಡಿಕೊಟ್ಟವಳೇ ಅವಳು. ಆಫೀಸಿನ ಕಂಪ್ಯೂಟರಿನಲ್ಲೂ ಅದನ್ನೇ ಹಾಕಿಕೊಂಡಿದ್ದಾಳೆ. ಅಲ್ಲಿ ಟಿಕ್ ಹಾಕಿದ್ದಾಳೆ. ಹಾಗಾಗಿ ಅವಳು ಓದಿದ ಮೇಲೂ ಅಪ್ಪನ ಪಾಲು ಮೈಸೂರಿನಲ್ಲಿ ಉಳಿದಿತ್ತು. ಅಪ್ಪ ಯಾರ ಪಾಲನ್ನೂ ಉಳಿಸಿರಲಿಲ್ಲ.

ಪ್ರಶ್ನೆ ಏನಿತ್ತು? ಮದುವೆ ಆದ ಮೇಲೆ ಹುಡುಗಿ ಕೆಲಸ ಬಿಡಬೇಕು, ಒಪ್ಪಿಗೆಯೇ?

"ಒಪ್ಪಿಗೆ ಇಲ್ಲ, ಹಾಸನದಲ್ಲೂ ಕೆಲಸಕ್ಕೆ ಹೋಗ್ತೀನಿ ಅಂತ ಅವತ್ತೇ ಬರೆದ್ಬುಟ್ಟೆ" ಅಂದಳು. "ನನ್ನ ಹೆಸರು ಹಾಕೇ ಬರ್ದಿದ್ದೀನಿ."

ಭಾವ ಅವಳ ಕಡೆ ತಿರುಗಿದರು. "ನನ್ನ ಒಂದ್ ಮಾತು ಕೇಳ್ದೆ ಎಂಗವ್ವಾ ಬರ್ದೆ?"

"ನೀನು ಓದಿದ್ರೆ ನನ್ನ ಕೇಳ್ದೆನೇ ಊಂ ಅಂದ್ಬುಡ್ತಿದ್ದೆ ಕಣಪ್ಪಾ."

ಅವಳು ಹೇಳಿದ್ದು ನಿಜ, ಅದು ಭಾವನಿಗೂ ಗೊತ್ತಿತ್ತು. ಮಾಡಲು ಬೇರೇನೂ ತೋಚದೆ ನಾನು ಮೋಡೆಮ್ ಹಾಕಿದೆ. ಅದು ಕಿರುಚಿ, ಗೊರಗೊರ ಅಂದು, ಕೊನೆಗೆ ಒಂದು ಮೇಲ್ ಇಳಿಸಿತು. ಹಾಸನದಿಂದ. ಕೈ ಮೌಸಿನ ಹತ್ತಿರ ಹೋಗದ ಹಾಗೆ ಹಿಂದೆ ಕಟ್ಟಿಕೊಂಡು ಭಾವ ಕೊನೇ ಸಾಲಿನವರೆಗೂ ಓದಿದರು. ನಿಮ್ಮ ಮಗಳ ಉತ್ತರ ನೋಡಿದೆವು, ಅವಳು ಕೆಲಸ ಬಿಡೋದು ಬೇಡ ಅಂತ ಹುಡುಗ ಅನ್ನುತ್ತಿದ್ದಾನೆ, ತಿಥಿ ಮುಗಿದ ಮೇಲೆ ಮಾತಿಗೆ ಬರುತ್ತೇವೆ ಅಂತ ಇತ್ತು. ಅಕ್ಕ ಕಣ್ಣೊರೆಸಿಕೊಂಡು ಕಾಫಿಗೆ ಇಟ್ಟಳು.

ಹೊರಡುವ ಮುಂಚೆ ಭಾವನ ಯಂತ್ರಕ್ಕೂ ಆ ಟಿಕ್ ಹಾಕಿ ಬಂದೆ. ಒಂದು ಕ್ಷಣದ ಕೆಲಸ. ಆದರೂ ಕೇಳುತ್ತೇನೆ: ತನ್ನ ಮದುವೆಯ ಪ್ರಶ್ನೆಯ ಒಂದು ಪ್ರತಿ ಮಗಳ ಕೈಗೂ ಸಿಗಬೇಕು ಅಂದರೆ, ಅದಕ್ಕೂ ಕಂಪ್ಯೂಟರೇ ಬರಬೇಕಿತ್ತೇನ್ರೀ?