ಹೊಸ ಕಾಲುವೆಗೆ ಹಾಲಮ್ಮನ ಬಾಗಿನ

ಕಳೆದ ಭಾನುವಾರ ನಾವು ನಾಲ್ಕು ಜನ ಆಟೋ ಮಾಡಿಕೊಂಡು, ಮಂಡಕ್ಕಿ-ಮೆಣಸಿನಕಾಯಿ ಕಟ್ಟಿಸಿಕೊಂಡು, ಕಾಂಕ್ರೀಟ್ ನೋಡಲು ಹೋಗಿದ್ದೆವು.

ನಗಬೇಡಿ. ಬೇರೆ ಊರಿನವರು ಭಾನುವಾರ ಮಾಲ್‌ಗೆ ಹೋಗುತ್ತಾರೆ, ಫಾಲ್ಸ್ ನೋಡಲು ಹೋಗುತ್ತಾರೆ. ಹೊಸದುರ್ಗದ ನಮಗೆ ಈಗ ಅದಕ್ಕಿಂತ ದೊಡ್ಡ ಅಟ್ರಾಕ್ಷನ್ ಇದೆ. ಊರಾಚೆಯ ಬಯಲಿನಲ್ಲಿ ಸಾಲಾಗಿ ಕಂಬಗಳು ಎದ್ದಿವೆ. ಕಂಬಗಳ ಮೇಲೆ ಕಾಲುವೆ! ಕಾಲ ಕೆಳಗೆ ಹರಿಯುವ ನೀರು ಕಂಡಿದ್ದೇವೆ. ತಲೆಯ ಮೇಲೆ ಹರಿಯುವ ನೀರನ್ನು ಯಾರು ಕಂಡಿದ್ದರು?

ನಾನು ಕಂಡಿದ್ದೆ, ಪುಸ್ತಕದಲ್ಲಿ. ಕಾನ್ವೆಂಟಿನಲ್ಲಿ ಹಿಸ್ಟರಿ ಮಿಸ್ ರೋಮನ್ನರ ಅಕ್ವಿಡಕ್ಟ್ ಚಿತ್ರ ತೋರಿಸಿ, ‘ಲುಕ್ ಗರ್ಲ್ಸ್, ದಿಸ್ ಈಸ್ ಸಿವಿಲೈಸೇಷನ್’ ಎಂದಿದ್ದರು. ಅದೇ ಮಿಸ್ ಒಮ್ಮೆ ನನ್ನೂರನ್ನು ಮ್ಯಾಪಿನಲ್ಲಿ ಹುಡುಕಿ ಹುಡುಕಿ ಸಾಕಾಗಿ, ‘ಸಮ್‌ವೇರ್ ನಿಯರ್ ಚಿತ್ರದುರ್ಗ’ ಎಂದು ಕೈಬಿಟ್ಟಿದ್ದರು. ಈಗ ಅವರಿರಬೇಕಿತ್ತು. ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ, ಲುಕ್ ಮಿಸ್, ಶೇಂಗಾ ಹೊಲದ ಮೇಲೆ ಸಿವಿಲೈಸೇಷನ್!

ನಮ್ಮದೊಂದು ಸಂಜೆಯ ಪಾರ್ಲಿಮೆಂಟ್ ಇದೆ. ಪಾರ್ಕಿನ ಮೂಲೆಯ ಬೆಂಚಿನಲ್ಲಿ ಸೇರುತ್ತದೆ. ಎಲ್ಲರೂ ಸ್ಪೀಕರ್‌ಗಳೇ. ಡಿವೈಡರ್ ಮಧ್ಯೆ ಯಾವ ಗಿಡ ಹಾಕಬೇಕು, ಹೊಸ ಕಟ್ಟಡಕ್ಕೆ ಬಳಿದ ಬಣ್ಣ ಸರಿಯೋ ತಪ್ಪೋ, ಈಗಷ್ಟೇ ಟಾರು ಹಾಕಿದ ರಸ್ತೆಯನ್ನು ಪೈಪಿಗಾಗಿ ಮತ್ತೆ ಅಗೆಯುತ್ತಾರೋ ಇಲ್ಲವೋ, ಎಲ್ಲವೂ ಅಲ್ಲೇ ಚರ್ಚೆಯಾಗುತ್ತದೆ. (ಅಗೆಯುತ್ತಾರೆ. ಆ ಬಿಲ್ ಸರ್ವಾನುಮತದಿಂದ ಪಾಸಾಗಿದೆ.)

ಹೋದ ವಾರದ ವಿಷಯ ಕಾಲುವೆ. ರುದ್ರಪ್ಪ ಮೇಷ್ಟ್ರು, ರಿಟೈರಾದರೂ ಕ್ಲಾಸ್ ತೆಗೆದುಕೊಳ್ಳುವುದನ್ನು ಬಿಡದವರು, ಶುರು ಮಾಡಿದರು. ‘ನಮ್ಮೂರು ಇನ್ನ ಮೊದ್ಲಿನಂಗಲ್ಲ ಬಿಡ್ರಿ. ಹೊರಗ್ನೋರು ಬಂದು ಕಂಬದ ಮುಂದೆ ಫೋಟೋ ತೆಗಸ್ಕಂತಾ ಅವ್ರೆ.’

‘ನೀರು ಬಿಟ್ಟ ದಿವ್ಸ ಐತೆ ನೋಡ್ರಿ ಮಜಾ’ ಎಂದರು ಅವರ ಹೆಂಡತಿ ನಾಗರತ್ನಮ್ಮ. ‘ಮುತ್ತೈದೇರೆಲ್ಲ ಸಾಲಾಗಿ ನಿಂತು ಗಂಗವ್ವಗೆ ಬಾಗ್ನ ಬಿಡದು. ನಾನಂತೂ ರೇಷ್ಮೆ ಸೀರೆ ತೆಗ್ದು ಇಟ್ಟೀನಿ.’ ಆಮೇಲೆ ಪಕ್ಕದಲ್ಲಿ ಹಾಲಮ್ಮ ಇರುವುದು ನೆನಪಾಯಿತೇನೋ. ‘ನೀನೂ ಬಾರೆ ಹಾಲಮ್ಮ. ಕುಂತು ನೋಡೀಯಂತೆ. ಊಟಾನೂ ಐತಂತೆ.’

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದೇ ಕಷ್ಟ.

ಹಾಲಮ್ಮ ನಮ್ಮ ಪಕ್ಕದ ಮನೆಯವಳು. ಈ ಕಾಲುವೆ ಬೇಕೆಂದು ಧರಣಿ, ಪಾದಯಾತ್ರೆ ಎಂದು ಚಪ್ಪಲಿ ಸವೆಸಿದವರು ಅವಳ ಯಜಮಾನರು. ಅವರ ಹಿಂದೆ ಬಂದವರಿಗೆಲ್ಲ ರೊಟ್ಟಿ ಬಡಿದು ಕಟ್ಟಿಕೊಟ್ಟವಳು ಅವಳು. ಹೋದ ವರ್ಷ ಯಜಮಾನರು ತೀರಿಕೊಂಡರು. ಕಂಬ ಎದ್ದಿದ್ದನ್ನು ನೋಡಿದರು, ನೀರು ನೋಡಲಿಲ್ಲ. ಈಗ ಇವಳು ಕೂತು ನೋಡಬೇಕಂತೆ. ರೊಟ್ಟಿಗೆ ಆಗಿದ್ದ ಕೈ ಬಾಗಿನಕ್ಕೆ ಆಗುವುದಿಲ್ಲವೇ?

ನನಗೆ ಸಿಟ್ಟು ಬಂದರೆ ಇಂಗ್ಲಿಷ್ ಬರುತ್ತದೆ. ‘ಹೌ ಅನ್‌ಫೇರ್’ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಲಮ್ಮ ಸೆರಗು ಹೊದ್ದುಕೊಂಡು ಎದ್ದು ಹೋದಳು.

ಭಾನುವಾರ ಆಟೋ ಹತ್ತುವಾಗ ಅವಳ ತೊಡೆಯ ಮೇಲೊಂದು ದೊಡ್ಡ ಬ್ಯಾಗ್. ‘ಏನ್ರಿ ಅದು?’ ಎಂದರೆ ‘ಇರ್ಲಿ ಬಿಡ್ರಿ’ ಎಂದಳು.

ಕಾಲುವೆ ಕಂಬಗಳನ್ನು ಬಿಟ್ಟು ಮಣ್ಣಿನ ಏರಿಗೆ ಇಳಿಯುವ ಕಡೆ ನಾವು ಹತ್ತಿ ನಿಂತೆವು. ಅಬ್ಬಾ! ಅಷ್ಟಗಲದ ತೊಟ್ಟಿ ಬಯಲಿನ ಆಚೆ ತುದಿಯವರೆಗೂ ನೇರವಾಗಿ ಹೋಗಿದೆ. ಕೆಳಗೆ ಕುರಿ ಹಿಂಡೊಂದು ಎರಡು ಕಂಬಗಳ ನಡುವೆ, ಇದೆಲ್ಲ ತಮಗಾಗಿಯೇ ಹಾಕಿದ ಚಪ್ಪರ ಎನ್ನುವ ಹಾಗೆ ನೆರಳಲ್ಲಿ ಮಲಗಿತ್ತು. ಇದು ನಮ್ಮದು ಎನ್ನುವ ಮಾತು ಸಿಮೆಂಟಿಗೂ ಇಷ್ಟೊಂದು ಒಪ್ಪುತ್ತದೆಯೇ?

ಅಷ್ಟರಲ್ಲಿ ಹಾಲಮ್ಮ ಕೂಗಿದಳು. ‘ನೀರು! ನೀರು ಬಂದೈತೆ ಕಣ್ರೀ!’

ನಿಜ. ತೊಟ್ಟಿಯ ತಳದಲ್ಲಿ ನೀರು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ನಾವು ‘ಇರಮ್ಮ’ ಎನ್ನುವ ಮೊದಲೇ ಅವಳು ಪಕ್ಕದ ಮೆಟ್ಟಿಲಿಳಿದು ಮಂಡಿಯೂರಿ ಬ್ಯಾಗ್ ಬಿಚ್ಚಿದ್ದಳು. ಅರಿಶಿನ ಬಳಿದ ಜೋಡಿ ಮೊರ. ಒಳಗೆ ಬಳೆ, ಕುಂಕುಮ, ಬೆಲ್ಲ, ಬೇಳೆ, ರವಿಕೆ ಕಣ. ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನೀರಿಗೆ ಬಿಟ್ಟಳು. ಕೈ ಮುಗಿದು ಮೆಲ್ಲಗೆ ಹೇಳಿದಳು. ‘ಬಂತು ನೋಡ್ರಿ, ನಿಮ್ಮ ನೀರು.’

ಗಂಗೆಗೆ ಹೇಳಿದ್ದಲ್ಲ ಅದು. ಯಾರಿಗೆ ಎಂದು ನಮಗೆಲ್ಲ ಗೊತ್ತಾಯಿತು.

ಮೊರ ಮಾತ್ರ ತೇಲಲಿಲ್ಲ. ಹೋಗಿ ತಳದಲ್ಲಿ ಕೂತಿತು. ನೀರು ಪಾದ ಮುಳುಗುವಷ್ಟೂ ಇರಲಿಲ್ಲ.

‘ಅಜ್ಜಿ! ಅಜ್ಜಿ! ಏನ್ ಹಾಕಿದ್ರಿ ಅಲ್ಲಿ?’ ಎಂದು ಹೆಲ್ಮೆಟ್ ಹಾಕಿದ ಹುಡುಗಿಯೊಬ್ಬಳು ಓಡಿಬಂದಳು. ಸುಮಾ ಅಂತೆ, ಹೊಳಲ್ಕೆರೆಯವಳಂತೆ, ಅಲ್ಲಿನ ಸೈಟ್ ಇಂಜಿನಿಯರ್. ‘ಕಾಲುವೆ ನೀರಲ್ಲ ಅಜ್ಜಿ ಇದು. ಟ್ಯಾಂಕರ್ ನೀರು. ಕ್ಯೂರಿಂಗ್‌ಗೆ ನಿಲ್ಸೀವಿ.’

ಮನೆ ಕಟ್ಟಿಸಿದವರಿಗೆ ಗೊತ್ತು. ತಾರಸಿ ಹಾಕಿದ ಮೇಲೆ ಸುತ್ತ ಬದು ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಅದೇ ಇದು.

ಮೇಷ್ಟ್ರಿಗೆ ನಗು ತಡೆಯಲಿಲ್ಲ. ‘ಏನವ್ವ ಹಾಲಮ್ಮ, ಟ್ಯಾಂಕರ್‌ಗೆ ಬಾಗ್ನ ಬಿಟ್ಯಲ್ಲ!’

‘ಬಿಟ್ಟ ಬಾಗ್ನ ವಾಪಸ್ ತಗಳ್ಳಂಗೂ ಇಲ್ಲ. ಎಲ್ಲ ದಂಡ ಆತು’ ಎಂದರು ನಾಗರತ್ನಮ್ಮ.

ಹಾಲಮ್ಮನ ಮುಖ ನೋಡಲಾಗಲಿಲ್ಲ. ನೀರು ಬಿಡುವ ದಿನ ಅವಳಿಗೆ ಕುರ್ಚಿಯಷ್ಟೇ. ಇದ್ದ ಒಂದು ಅವಕಾಶ ಕಾಂಕ್ರೀಟ್ ಮೇಲೆ ಕೂತಿತ್ತು.

ಅವಳೇ ಎದ್ದು ನಿಂತು ಹುಡುಗಿಯನ್ನು ಕೇಳಿದಳು. ‘ಈ ನೀರು ನಿಲ್ಸದಿದ್ರೆ ಏನಾಗ್ತೈತವ್ವ?’

‘ಬಿರುಕು ಬಿಡ್ತೈತೆ ಅಜ್ಜಿ. ಆಮೇಲೆ ಕಾಲುವೆ ನೀರು ನಿಲ್ಲಂಗಿಲ್ಲ, ಎಲ್ಲ ಸೋರಿಹೋಗ್ತೈತೆ.’

‘ಅಂದ್ರೆ ಆ ನೀರು ಬರಕ್ಕೆ ಈ ನೀರು ಮೊದ್ಲು ಬೇಕು?’

‘ಬೇಕೇ ಬೇಕು.’

‘ಮತ್ತೆ? ಈ ಗಂಗವ್ವನೇ ಹಿರೇಳು’ ಎಂದಳು ಹಾಲಮ್ಮ, ನಾಗರತ್ನಮ್ಮನ ಕಡೆ ತಿರುಗಿ. ‘ಸರಿಯಾದ ಜಾಗಕ್ಕೇ ಕೊಟ್ಟೀನಿ.’

ಸುಮಾ ತಲೆ ಕೆರೆದುಕೊಳ್ಳಲು ಹೋದಳು, ಹೆಲ್ಮೆಟ್ ಅಡ್ಡ ಬಂತು. ‘ಆದ್ರೂ ಅಜ್ಜಿ, ಅದನ್ನ ಅಲ್ಲಿ ಬಿಡಂಗಿಲ್ಲ. ತೆಗೀಲೇಬೇಕು.’

‘ನಾನು ಮುಟ್ಟಂಗಿಲ್ಲ, ಕೊಟ್ಟಾಗೈತೆ. ನೀನು ತಗ. ಮನೆಮಗಳಿಗೆ ಬಾಗ್ನ ಕೊಡಲ್ವಾ? ಈ ಕಾಲುವೆ ಮಗಳು ನೀನೇ.’

‘ಅಯ್ಯೋ, ನಂಗಿನ್ನೂ ಮದ್ವೆ ಆಗಿಲ್ಲ ಅಜ್ಜಿ!’

‘ಮದ್ವೆ ಯಾರು ಕೇಳಿದ್ರು? ಕಾಲುವೆ ಕಟ್ಟೀಯೋ ಇಲ್ವೋ?’

ಹುಡುಗಿ ಬೂಟು ಬಿಚ್ಚಿಟ್ಟು ನೀರಿಗಿಳಿದಳು. ಮೊರ ಎತ್ತಿಕೊಂಡು ಬಂದು, ಅದನ್ನು ಹಿಡಿದುಕೊಂಡೇ ಬಗ್ಗಿ ಹಾಲಮ್ಮನ ಕಾಲು ಮುಟ್ಟಿದಳು. ಸೈಟಿನಲ್ಲಿ ಬಳೆ ತೊಡುವ ಹಾಗಿಲ್ಲವಂತೆ. ಹಸಿರು ಗಾಜಿನ ಬಳೆಗಳನ್ನು ಒರೆಸಿ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡಳು. ಅವಳು ನಡೆದರೆ ಕಿಣಿಕಿಣಿ ಎನ್ನುತ್ತಿತ್ತು. ಆ ಇಡೀ ಅಕ್ವಿಡಕ್ಟಿನಲ್ಲಿ ನನಗೆ ಅತ್ಯಂತ ಹೆಮ್ಮೆ ತಂದದ್ದು ಆ ಸದ್ದು.

ಏರಿಯ ಮೇಲೆ ಕೂತು ಮಂಡಕ್ಕಿ ಬಿಚ್ಚಿದೆವು. ನಾಗರತ್ನಮ್ಮನಿಗೆ ಇನ್ನೂ ಸಮಾಧಾನವಿಲ್ಲ. ‘ಏನೋಪ್ಪ, ಶಾಸ್ತ್ರದಾಗೆ ಇದೆಲ್ಲ ಇಲ್ಲ.’

‘ಶಾಸ್ತ್ರದಾಗೆ ಕಂಬದ ಮ್ಯಾಲೆ ಕಾಲುವೇನೂ ಇಲ್ಲ. ಸುಮ್ಕೆ ಮೆಣಸಿನಕಾಯಿ ತಿನ್ನು’ ಎಂದರು ಮೇಷ್ಟ್ರು. ಅವರ ಬಾಯಿಂದ ನಾನು ಕೇಳಿದ ಅತ್ಯುತ್ತಮ ಪಾಠ ಅದು.

ನೀರು ಬಿಡುವ ದಿನ ಶಾಮಿಯಾನವಂತೆ, ಬ್ಯಾಂಡ್ ಸೆಟ್ಟಂತೆ, ಗಣ್ಯರಂತೆ, ಬೆಳ್ಳಿಯ ಮೊರವಂತೆ. ಆಗಲಿ, ಎರಡನೆಯ ಬಾಗಿನಕ್ಕೆ ಅಷ್ಟಾದರೂ ಗ್ರ್ಯಾಂಡ್ ಆಗಿ ಮಾಡದಿದ್ದರೆ ಹೇಗೆ?