ತಣ್ಣೀರಿನಲ್ಲಿ ತೊಳೆದ ಲಿಥಿಯಂ

ಮೊನ್ನೆ ನನ್ನ ಹಳೆಯ ಫೋನ್ ಡ್ರಾಯರಿನಲ್ಲಿ ಬಿದ್ದಲ್ಲೇ ಪೂರಿಯ ಹಾಗೆ ಉಬ್ಬಿಕೊಂಡಿತ್ತು. ಮುಚ್ಚಳ ಬಿಟ್ಟುಕೊಂಡು ಒಳಗಿನ ಬ್ಯಾಟರಿ ಇಣುಕುತ್ತಿತ್ತು. ಬೇರೆಯವರಾಗಿದ್ದರೆ ಫೋನನ್ನು ಬೈದು ಸುಮ್ಮನಾಗುತ್ತಿದ್ದರು. ನನಗೆ ಶ್ರೀಧರ ಅಂಕಲ್ ನೆನಪಾಗಿ ಮೈಯೆಲ್ಲ ಉರಿಯಿತು. ನಿಮಗೂ ಅಂಥವರೊಬ್ಬರು ಇದ್ದೇ ಇರುತ್ತಾರೆ, ಹೆಸರು ಕೇಳಿದರೆ ಕುಡಿಯುತ್ತಿದ್ದ ಕಾಫಿ ಕಹಿಯಾಗುವಂಥವರು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಬಂದ ಹಾಗೆ ಹೋಗುತ್ತದೆ. ಈ ಒಂದು ಕೋಪ ಮಾತ್ರ ಹೋಗಿಲ್ಲ.

ಆಗ ನಾನು ಮೆಲ್ಬರ್ನಿನ ಅಂಚಿನ ಟ್ರುಗನಿನಾದಲ್ಲಿ, ಗೋದಾಮುಗಳ ನಡುವೆ ಒಂದು ತಗಡಿನ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಬ್ಯಾಟರಿಗೆ ಬೇಕಾದ ಲಿಥಿಯಂ ಕಾರ್ಬೊನೇಟನ್ನು ಶುದ್ಧ ಮಾಡುವ ಸಣ್ಣ ಕಾರ್ಖಾನೆ ಅದು. ಕಚ್ಚಾ ಪುಡಿ ನೋಡಲು ಮೈದಾ ಹಿಟ್ಟು. ಅದನ್ನು ನೀರಿಗೆ ಹಾಕಿ, ಸೋಡಾದಲ್ಲಿರುವ ಅದೇ ಗ್ಯಾಸ್ ಊದಿ ಕರಗಿಸಿ, ಸೋಸಿ, ಮತ್ತೆ ಕಾಸಿದರೆ ಶುದ್ಧ ಪುಡಿ ತಳ ಸೇರುತ್ತದೆ. ಅಂಟಿಕೊಂಡ ಸೋಡಿಯಂ ಹೋಗುವಂತೆ ಕೊನೆಗೊಮ್ಮೆ ತೊಳೆಯಬೇಕು, ಅದೂ ಕುದಿಯುವ ನೀರಿನಲ್ಲಿ. ಲೋಕದ ಸಕ್ಕರೆ, ಬೆಲ್ಲ ಎಲ್ಲ ಬಿಸಿನೀರಿನಲ್ಲಿ ಬೇಗ ಕರಗಿದರೆ ಈ ಮಹಾರಾಯ ತಣ್ಣೀರಿನಲ್ಲಿ ಹೆಚ್ಚು ಕರಗುತ್ತಾನೆ. ಲಿಥಿಯಂ ಕಾರ್ಬೊನೇಟಿನ ಜಾಯಮಾನವೇ ವಕ್ರ. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದಕ್ಕೆ ಅದೂ ಒಂದು ಕಾರಣವಿರಬೇಕು.

ತೊಳೆಯುವ ವಿಭಾಗ ಲವೀನಾಳದು. ಮಂಗಳೂರಿನ ಕೊಂಕಣಿ ಹುಡುಗಿ, ರಸಾಯನಶಾಸ್ತ್ರದಲ್ಲಿ ಎಂಎಸ್ಸಿ. ನಾನು ಉಡುಪಿಯವಳಾದ್ದರಿಂದ ಇಬ್ಬರಿಗೂ ಊಟದ ಡಬ್ಬಿ ಒಂದೇ ಆಯಿತು. ನನಗೆ ಆಗಲೇ ಆಸ್ಟ್ರೇಲಿಯಾದ ಪೌರತ್ವ ಸಿಕ್ಕಿತ್ತು. ಅವಳು ಕಂಪನಿಯ ಸ್ಪಾನ್ಸರ್ ವೀಸಾದಲ್ಲಿದ್ದಳು, ಪಿಆರ್, ಅಂದರೆ ಕಾಯಂ ನೆಲೆಸುವ ಪರವಾನಗಿ, ಸಿಗಬೇಕಾದರೂ ಕಂಪನಿಯ ಕೃಪೆಯೇ ಬೇಕು. ಕೃಪೆ ಮಾಡುವವರು ಶ್ರೀಧರ ಅಂಕಲ್, ನಮ್ಮ ಮಾಲೀಕರು. ಅವರು ಸಿಡ್ನಿಯ ಚಾಟ್ಸ್‌ವುಡ್ ಆಫೀಸಿನಲ್ಲಿ ಕೂತು ಫೋನಿನಲ್ಲೇ ಕಾರ್ಖಾನೆ ನಡೆಸುತ್ತಿದ್ದರು. ರಾಜ್ಯೋತ್ಸವಕ್ಕೆ ರೇಷ್ಮೆ ಶಲ್ಯ ಹೊದ್ದು 'ನಮ್ಮವರು ನಮ್ಮವರನ್ನು ಕೈಬಿಡಬಾರದು' ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ ಮನುಷ್ಯ.

ಒಂದು ದಿನ ಅವರಿಗೆ ಜ್ಞಾನೋದಯವಾಯಿತು. ಬಿಸಿನೀರಿಗೆ ಗ್ಯಾಸ್ ದಂಡ, ಮೇಲಾಗಿ ಬಿಸಿಯಲ್ಲಿ ಸರಕು ಕರಗಿ ಚರಂಡಿ ಸೇರುತ್ತದೆ, ಇನ್ನು ಮೇಲೆ ತಣ್ಣೀರಿನಲ್ಲೇ ತೊಳೆಯಿರಿ ಎಂದು ಅಪ್ಪಣೆ ಬಂತು. ಇದು ತಿರುಗುಮುರುಗು ಎಂದು ಲವೀನಾ ನನ್ನೆದುರೇ ಫೋನಿನಲ್ಲಿ ವಿವರಿಸಿದಳು. ಅವರು ಅವಳ ಅಡುಗೆಯ ಬಗ್ಗೆ ಏನೋ ತಮಾಷೆ ಮಾಡಿ ಫೋನಿಟ್ಟರು. ತಣ್ಣೀರಿನಲ್ಲಿ ತೊಳೆದೆವು. ನಮ್ಮ ಕಣ್ಣೆದುರೇ ಸರಕು ಕರಗಿ ಹರಿದುಹೋಯಿತು. ಹಾಗಾದರೆ ಕಡಿಮೆ ತೊಳೆಯಿರಿ ಎಂದರು. ಕಡಿಮೆ ತೊಳೆದದ್ದಕ್ಕೆ ಸೋಡಿಯಂ ಹಾಗೇ ಉಳಿಯಿತು. ಬ್ಯಾಟರಿ ಮಾಡುವವರು ನಮ್ಮ ಸ್ಯಾಂಪಲನ್ನು ತಿರಸ್ಕರಿಸಿ, ಕಾರಣ ಕೇಳಲು ಚಾಟ್ಸ್‌ವುಡ್ಡಿಗೇ ಬಂದರು. ಅಂಕಲ್ ನಮ್ಮಿಬ್ಬರನ್ನೂ ಮೆಲ್ಬರ್ನಿನಿಂದ ಕರೆಸಿಕೊಂಡರು.

ಮೀಟಿಂಗಿಗೆ ಮೊದಲು ಕಾಫಿ ಮೆಷಿನ್ ಪಕ್ಕದಲ್ಲಿ ಅಂಕಲ್ ಲವೀನಾಳ ತಲೆ ಸವರುವಷ್ಟು ಮೆತ್ತಗೆ ಹೇಳಿದರು: "ನೋಡಮ್ಮ, ನಾವೆಲ್ಲ ಒಂದೇ ಫ್ಯಾಮಿಲಿ. ಮಿಸ್ಟೇಕ್ ನಂದು ಅಂತ ನೀನೇ ಹೇಳ್ಬಿಡು. ನಿನ್ನ ಪಿಆರ್ ನಾನು ನೋಡ್ಕೋತೀನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಲವೀನಾ ಒಳಗೆ ಹೋಗಿ, ತಲೆ ತಗ್ಗಿಸದೆ, ತಪ್ಪು ತನ್ನದೇ ಎಂದಳು. ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ. ಸುಳ್ಳು ಎಂದೆ, ತಣ್ಣೀರಿನ ಅಪ್ಪಣೆ ಯಾರದ್ದೆಂದು ಬೆರಳು ತೋರಿಸಿ ಹೇಳಿದೆ. ಅಂಕಲ್ ನಕ್ಕು, ಗೆಳತಿಯರಲ್ಲವೇ, ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ ಎಂದು ಬಂದವರಿಗೆ ಸಮಾಧಾನ ಮಾಡಿದರು. ನಾನು ಅಲ್ಲೇ ರಾಜೀನಾಮೆ ಎಸೆದು ಹೊರಬಂದೆ. ಲವೀನಾ ಬರಲಿಲ್ಲ. ವಾಪಸಾಗುವಾಗ ವಿಮಾನದಲ್ಲಿ ನನಗೆ ಅವರಿಗಿಂತ ಅವಳ ಮೇಲೆಯೇ ಹೆಚ್ಚು ಸಿಟ್ಟು ಬಂದಿತ್ತು ಎಂದರೆ ನಂಬುತ್ತೀರಾ? ಆಮೇಲೆ ಎಷ್ಟೋ ಪಾರ್ಟಿಗಳಲ್ಲಿ ಈ ಕಥೆ ಹೇಳಿದ್ದೇನೆ. ಪ್ರತಿ ಸಲವೂ ನನ್ನ ದನಿ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಉಬ್ಬಿದ ಫೋನನ್ನು ಎಲ್ಲಿ ಎಸೆಯಬೇಕೆಂದು ಕೇಳಲು ಮೊನ್ನೆ ಅವಳಿಗೇ ಫೋನ್ ಮಾಡಿದೆ; ಅವಳ ಮೇಲಿನ ಸಿಟ್ಟು ಎಂದೋ ಇಳಿದಿತ್ತು. ಈಗ ಮೆಲ್ಬರ್ನಿನದೇ ಗ್ಲೆನ್ ವೇವರ್ಲಿಯಲ್ಲಿದ್ದಾಳೆ, ಬೇರೆ ಕೆಲಸದಲ್ಲಿ. ಕಸದ ಬುಟ್ಟಿಗೆ ಹಾಕಿ ಮನೆ ಸುಟ್ಟುಕೊಳ್ಳಬೇಡ ಎಂದು ಬೈದು, ರೀಸೈಕ್ಲಿಂಗ್ ಕೇಂದ್ರದ ದಾರಿ ಹೇಳಿದಳು. ಆಮೇಲೆ, ತನಗೂ ಪೌರತ್ವ ಸಿಕ್ಕಿತು, ಶನಿವಾರ ಎಲ್ಲರನ್ನೂ ಊಟಕ್ಕೆ ಕರೆದಿದ್ದೇನೆ, ನೀನೂ ಬಾ, ಶ್ರೀಧರ ಅಂಕಲ್ ಕೂಡ ಸಿಡ್ನಿಯಿಂದ ಬರುತ್ತಾರೆ ಎಂದಳು.

ನಾನು ಕಿಡಿಕಿಡಿಯಾದೆ. ಆ ಮನುಷ್ಯನಿಗೆ ಅನ್ನ ಹಾಕುತ್ತೀಯಾ, ನಾಚಿಕೆ ಇಲ್ಲವೇ ಎಂದೆಲ್ಲ ಕೂಗಾಡಿದೆ.

"ಅವತ್ತು ಸಿಟ್ಟು ಮಾಡ್ಲಿಕ್ಕೆ ನಿನ್ನತ್ರ ಇಲ್ಲಿನ ಪಾಸ್‌ಪೋರ್ಟ್ ಇತ್ತು ಮಾರಾಯ್ತಿ," ಎಂದಳು. "ನಂಗೆ ಸಿಟ್ಟು ಬರ್ಲಿಲ್ಲ ಅಂತ ಎಣಿಸಿದ್ಯಾ ಇಷ್ಟು ವರ್ಷ? ಎಲ್ಲ ಹಾಗೇ ಉಂಟು. ಈಗ ನನ್ನತ್ರವೂ ಪಾಸ್‌ಪೋರ್ಟ್ ಉಂಟು. ಶನಿವಾರ ಎಲ್ರ ಎದುರು ನಾನು ಮಾತಾಡ್ತೇನೆ. ನೀನು ಬಾಯಿ ಮುಚ್ಚಿ ಕೂತ್ಕೊ."

ಬಾಯಿ ಮುಚ್ಚಿ ಕೂರುವುದು ನನಗೆ ಹುಟ್ಟಿನಿಂದಲೇ ಬಾರದ ವಿದ್ಯೆ. ಶನಿವಾರ ಕೂರುತ್ತೇನೆ.