ಫೋಟೊ ಇಲ್ಲದ ವರದಿ

ಬೊಂಬಾಯಿಯ ಜೋಗೇಶ್ವರಿಯಲ್ಲಿ ಮಸೀದಿ ಪಕ್ಕದ ಧರ್ಮಸಂಸ್ಥೆಯೊಂದರಲ್ಲಿ ನಾನು ಟೈಪಿಸ್ಟ್ ಆಗಿ ಸೇರಿದಾಗ ನಮ್ಮ ಬಿಲ್ಡಿಂಗಿನ ಮೈಸೂರು ಕಡೆಯ ಹೆಂಗಸರೆಲ್ಲ ಮೂಗು ಮುರಿದರು. "ಬಾಂದ್ರಾದಲ್ಲಿ ಅಷ್ಟೊಂದು ಆಫೀಸುಗಳಿವೆ, ನಿನಗೆ ಅಲ್ಲೇ ಆಗ್ಬೇಕಿತ್ತೇನೇ?" ಎಂದರು ನಮ್ಮತ್ತೆ. ಅಲ್ಲೇ ಆಗಬೇಕಿತ್ತು ಅಂದೆ. ಬೇಡ ಅಂದದ್ದನ್ನೇ ಮಾಡುವ ಹಟ ನನಗೆ ಹುಟ್ಟಿನಿಂದ ಬಂದದ್ದು.

ಸಂಸ್ಥೆ ನಡೆಸುತ್ತಿದ್ದವರು ಮಂಗಳೂರು ಕಡೆಯ ಮರದ ವ್ಯಾಪಾರಿ. ಎಲ್ಲರೂ ಅವರನ್ನು ಹಾಜಿಯವರೇ ಎನ್ನುತ್ತಿದ್ದರು. ಮೊದಲು ರಂಜಾನಿನಲ್ಲಿ ಜಕಾತ್ ದಾನ ಕೂಡಿಸಿ ವಿಧವೆಯರಿಗೆ ಗೋಧಿ, ಬಟ್ಟೆ ಹಂಚುವುದಷ್ಟೇ ಅವರ ಕೆಲಸವಾಗಿತ್ತು. ಎಂಬತ್ತರ ದಶಕದ ನಡುವಿನಲ್ಲಿ ಟ್ರಸ್ಟ್ ರಿಜಿಸ್ಟರ್ ಮಾಡಿಸಿ, ಡಾಕ್ಟರೊಬ್ಬರನ್ನು ಇಟ್ಟುಕೊಂಡು ಕ್ಷಯರೋಗದ ದವಾಖಾನೆ ತೆರೆದರು. ಔಷಧಿಗೆ ಹೊರಗಿನ ನೆರವು ಬೇಕು, ನೆರವಿಗೆ ಇಂಗ್ಲಿಷ್ ವರದಿ ಬೇಕು, ವರದಿಗೆ ನಾನು ಬೇಕು.

ಅಲ್ಲಿನ ಪದ್ಧತಿ ನೋಡಿ ನನಗೆ ನಗು ಬಂದಿತ್ತು. ಡಾಕ್ಟರು ಒಳಗೆ ಪರೀಕ್ಷೆ ಮಾಡಿ ನಂಬರಿನ ಚೀಟಿ ಕೊಡುತ್ತಿದ್ದರು. ಹೊರಗೆ ಪರದೆಯೊಂದರ ಹಿಂದೆ ಹಾಜಿಯವರು ಗೋಡೆಗೆ ಮುಖ ಮಾಡಿ ಕೂತು, ಆ ನಂಬರಿನ ಮಾತ್ರೆಯ ಪೊಟ್ಟಣವನ್ನು ಬೆನ್ನ ಹಿಂದಿನಿಂದ ಚಾಚುತ್ತಿದ್ದರು. ತೆಗೆದುಕೊಂಡವರು ಯಾರೆಂದು ತಿರುಗಿ ನೋಡುತ್ತಿರಲಿಲ್ಲ. ಮೊದಲು ಗೋಧಿ ಕೊಡುವಾಗಲೂ ಹೀಗೇ ಅಂತೆ.

ಬಾಂದ್ರಾದಲ್ಲಿ ಆಫೀಸಿದ್ದ ನೆರವಿನ ಸಂಸ್ಥೆ ಪ್ರತಿ ರೋಗಿಯ ಹೆಸರು, ಕಥೆ, ಪೊಟ್ಟಣ ಹಿಡಿದ ಫೋಟೊ ಕೇಳಿತು. ನಾನು ಟೊಂಕ ಕಟ್ಟಿ ನಿಂತೆ. ಪರದೆ ಕಿತ್ತು ಮೇಜು ಹಾಕಿಸಿದೆ, ಉದ್ದದ ಫಾರ್ಮ್ ತಯಾರಿಸಿದೆ, ಸ್ಟುಡಿಯೋದವನನ್ನು ಕರೆಸಿದೆ.

"ಎಂತಕ್ಕೆ ಮಾರಾಯ್ತಿ ಇದೆಲ್ಲ? ಮುಖ ನೋಡಿ ಕೊಟ್ರೆ ನಾಳೆ ನನ್ನೆದುರು ಅವರು ತಲೆ ತಗ್ಗಿಸ್ಬೇಕಾಗ್ತದೆ" ಎಂದರು ಹಾಜಿಯವರು.

"ದೊಡ್ಡ ಸಂಸ್ಥೆ ಆಗ್ಬೇಕಂದ್ರೆ ಹೀಗೇ ಮಾಡ್ಬೇಕು" ಅಂದೆ. ಓದಿದವಳು ಹೇಳುತ್ತಿದ್ದಾಳೆ ಎಂದು ಆ ಪುಣ್ಯಾತ್ಮ ಒಪ್ಪಿಬಿಟ್ಟರು. ಎಂಥ ಓದೋ ನನ್ನದು!

ಬಿಜಾಪುರ ಕಡೆಯ ಒಬ್ಬ ಮುಸ್ಲಿಂ ಹೆಂಗಸು ನಾನು ಕನ್ನಡದವಳೆಂದು ವಾರವಾರವೂ ಬಂದು ಎರಡು ಮಾತಾಡಿ ಹೋಗುತ್ತಿದ್ದಳು. ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿಯುವವಳು. ಅವತ್ತು ಕ್ಯಾಮೆರಾ ಕಂಡದ್ದೇ ಸಾಲು ಬಿಟ್ಟು ಎದ್ದು ಹೋದಳು. ಮುಂದಿನ ವಾರವೂ ಬರಲಿಲ್ಲ. ಡಾಕ್ಟರು ನನ್ನನ್ನು ಕರೆದು, "ನಡುವೆ ಬಿಟ್ರೆ ರೋಗ ಮತ್ತೆ ಏಳತ್ತೆ. ಆಮೇಲೆ ಈ ಮಾತ್ರೆಗೂ ಬಗ್ಗಲ್ಲ. ಆಕೆ ಸತ್ತೇ ಹೋಗ್ಬಹುದು" ಎಂದರು.

ಅವರಿಂದಲೇ ವಿಳಾಸ ಪಡೆದು ಅವಳ ಚಾಳಿನ ವಠಾರಕ್ಕೆ ಹೋದೆ. ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದಳು: "ಅಕ್ಕಾರ, ಮಗಳ ಲಗ್ನ ಗೊತ್ತಾಗೇದ್ರಿ. ನನಗ ಈ ಜಡ್ಡು ಐತಂತ ಬೀಗರಿಗೆ ತಿಳದ್ರ ಮುರದಾ ಹೋಗ್ತದ. ನಾ ಸತ್ರ ಸಾಯ್ತೀನ್ರಿ, ಫೋಟೊ ಒಲ್ಲೆ."

ನಾಚಿಕೆಯಿಂದ ನೆಲ ನೋಡಿದೆ. ಹಾಜಿಯವರು ಯಾರ ತಲೆ ತಗ್ಗಬಾರದು ಎಂದಿದ್ದರೋ ಅವಳೆದುರು ನನ್ನ ತಲೆ ತಗ್ಗಿತ್ತು. "ನಾಳೆ ಬನ್ನಿ, ಫೋಟೊ ಇರಲ್ಲ. ನನ್ನಾಣೆ" ಅಂದೆ.

ಮಾರನೆಯ ಬೆಳಿಗ್ಗೆಯೇ ಪರದೆ ಕಟ್ಟಿದೆ. ಫಾರ್ಮುಗಳನ್ನು ಹರಿದು ಹಾಕಿ ಹೊಸ ವರದಿ ಮಾಡಿದೆ. ರೋಗಿಯ ನಂಬರು, ತೂಕ, ಕಫದ ಪರೀಕ್ಷೆಯ ಫಲಿತಾಂಶ, ಎಷ್ಟು ವಾರದ ಮಾತ್ರೆ ಆಯಿತು, ಕೊನೆಗೆ ಡಾಕ್ಟರ ಸಹಿ. ಇದು ವರದಿಯಲ್ಲದೆ ಮತ್ತೇನು? ಮಧ್ಯಾಹ್ನ ಅವಳು ಬಂದು ಪೊಟ್ಟಣ ಒಯ್ದಳು.

ತಿಂಗಳಾದ ಮೇಲೆ ಬಾಂದ್ರಾದ ಅಧಿಕಾರಿ ಟೈ ಕಟ್ಟಿಕೊಂಡು ಬಂದ. ರೋಗಿಗಳು ನಿಜವಾಗಿ ಇದ್ದಾರೆಂದು ನಂಬುವುದು ಹೇಗೆ ಎಂದು ಹಿಂದಿಯಲ್ಲಿ ಕೇಳಿದ. ನೀವೇ ಡಾಕ್ಟರ ಎದುರು ಕೂತು ಎಕ್ಸ್‌ರೇಗಳನ್ನೆಲ್ಲ ನೋಡಿಕೊಳ್ಳಿ, ಮುಖ ಮಾತ್ರ ಕೇಳಬೇಡಿ ಅಂದೆ. ದೊಡ್ಡ ಸಂಸ್ಥೆಗಳೆಲ್ಲ ಫೋಟೊ ಕಳಿಸುತ್ತವೆ, ನೀವಿನ್ನೂ ಹಳೇ ದಾನ-ಖೈರಾತಿನವರಾಗಿಯೇ ಉಳಿದಿದ್ದೀರಿ ಎಂದ. ನನಗೆ ಎಲ್ಲಿತ್ತೋ ಸಿಟ್ಟು. "ಆಪ್‌ಕೀ ಮಾ ಕೋ ಟಿಬಿ ಹೋಗಾ, ತೋ ಉನ್‌ಕಾ ಫೋಟೊ ಭೇಜೇಂಗೆ ಕ್ಯಾ?" ಎಂದುಬಿಟ್ಟೆ, ನಿಮ್ಮ ತಾಯಿಗೆ ಕ್ಷಯ ಬಂದರೆ ಅವರ ಫೋಟೊ ಕಳಿಸುತ್ತೀರಾ ಅಂತ. ಅವನು ಕೆಂಪಾಗಿ ಫೈಲು ಮುಚ್ಚಿದ. ಗೋಡೆಗೆ ಮುಖ ಮಾಡಿ ಕೂತಿದ್ದ ಹಾಜಿಯವರ ಬೆನ್ನು ನಗುವಿಗೆ ಕುಲುಕುತ್ತಿತ್ತು.

ಆ ನೆರವು ನಿಂತಿತು. ಹಾಜಿಯವರು ಮತ್ತೆ ಅಂಗಡಿ ಅಂಗಡಿ ಅಲೆದು ಔಷಧಿ ಹೊಂದಿಸಿದರು. ಒಂದು ದಿನವೂ ನನ್ನನ್ನು ದೂರಲಿಲ್ಲ. ವರ್ಷ ತುಂಬುವುದರೊಳಗೆ ಇನ್ನೊಂದು ಸಂಸ್ಥೆ ನನ್ನ ವರದಿಯನ್ನೇ ಒಪ್ಪಿತು. ಅಷ್ಟೇ ಅಲ್ಲ, ಅದರ ನಮೂನೆಯನ್ನು ಬೇರೆಯವರಿಗೂ ಕೊಡಲು ಕೇಳಿತು. ಕೊಟ್ಟೆ, ಬೀಗುತ್ತಲೇ ಕೊಟ್ಟೆ.

ಬಿಜಾಪುರದ ಆ ಹೆಂಗಸಿನ ಚಿಕಿತ್ಸೆ ಪೂರ್ತಿಯಾಯಿತು. ಮಗಳ ಮದುವೆಗೆ ನನ್ನನ್ನೂ ಕರೆದಳು. ಚಾಳಿನ ಅಂಗಳದಲ್ಲಿ ಊಟಕ್ಕೆ ಕೂತಾಗ ಗಂಡಿನ ತಾಯಿ ನನ್ನ ಕುಂಕುಮ ನೋಡಿ, ಇವರು ಯಾರು, ಹೇಗೆ ಪರಿಚಯ ಎಂದು ಕೇಳಿದರು. ಬಡಿಸುತ್ತಿದ್ದ ಅವಳ ಕೈ ನಿಂತಿತು.

"ನಾನು ಬಿಜಾಪುರದವಳು. ಚಿಕ್ಕಂದಿನಿಂದ ಅಕ್ಕಪಕ್ಕದ ಮನೆ ನಮ್ದು" ಅಂದೆ. ಬಿಜಾಪುರವನ್ನು ನಾನು ಇವತ್ತಿನವರೆಗೂ ನೋಡಿಲ್ಲ.